ಕಿವಿಯ ಸದ್ದಿಗೆ ಕತ್ತಿನ ಚಿಕಿತ್ಸೆ: ಯಾರಿಗೆ, ಎಷ್ಟು ದಿನ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮದುವೆಯ ದಿನಗಳಲ್ಲಿ ಹತ್ತು ಗಂಟೆ ಯಂತ್ರದ ಮುಂದೆ ಕೂರುವುದುಂಟು. ಹದಿನಾಲ್ಕು ತಿಂಗಳಿಂದ ಎಡಗಿವಿಯಲ್ಲಿ, ಕುಕ್ಕರ್ ಕೂಗುವ ಮುಂಚೆ ಆವಿ ಹೊರಡುವಂಥ ಸುಂಯ್ ಎನ್ನುವ ಸದ್ದು. ರಾತ್ರಿ ಹೆಚ್ಚು. ಕಿವಿ ವೈದ್ಯರು ಶ್ರವಣ ಪರೀಕ್ಷೆ ಮಾಡಿಸಿ, “ಕಿವಿ ಸರಿಯಾಗಿದೆ, ಇದಕ್ಕೆ ಒಗ್ಗಿಕೊಳ್ಳಿ” ಎಂದರು. ಆದರೆ ಹಲ್ಲು ಕಚ್ಚಿದರೆ ಸದ್ದು ಏರುತ್ತದೆ. ಎಡ ಹೆಗಲಿನಿಂದ ತಲೆಯ ಹಿಂಭಾಗದವರೆಗೆ ಬಿಗಿತವಿದೆ, ಬೆಳಿಗ್ಗೆ ಎದ್ದಾಗ ದವಡೆ ಭಾರ. ಫಿಸಿಯೋಥೆರಪಿಯಿಂದ ಹತ್ತೇ ಸಿಟ್ಟಿಂಗಿನಲ್ಲಿ ಪೂರ್ತಿ ಗುಣವಾಗುತ್ತದೆ ಎಂದು ಒಂದು ಕಡೆ ಹೇಳಿದ್ದಾರೆ. ನಂಬಬಹುದೇ? ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬಹುದೇ? ಹೊಲಿಗೆಯನ್ನೇ ಬಿಡಬೇಕಾಗುತ್ತದೆಯೇ?

ಉತ್ತರ: ಹತ್ತೇ ಸಿಟ್ಟಿಂಗಿನ ಮಾತನ್ನು ನಂಬಬೇಡಿ. ಹಾಗೆಂದು ಫಿಸಿಯೋಥೆರಪಿಯನ್ನೂ ತಳ್ಳಿಹಾಕಬೇಡಿ. “ಒಗ್ಗಿಕೊಳ್ಳಿ” ಎಂದವರೂ “ಪೂರ್ತಿ ಗುಣ” ಎಂದವರೂ ಮಾಡಿದ ತಪ್ಪು ಒಂದೇ ಎಂದು ನಿಮ್ಮ ಪತ್ರ ಓದಿದಾಗ ಅನಿಸಿತು: ಇಬ್ಬರೂ ನಿಮ್ಮ ಕತ್ತನ್ನು ಮುಟ್ಟಿ ನೋಡಿದಂತಿಲ್ಲ.

ನಿಮ್ಮ ಕಸುಬಿನಿಂದಲೇ ಒಂದು ಮಾತು ತೆಗೆದುಕೊಳ್ಳುತ್ತೇನೆ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸುತ್ತಿಕೊಂಡರೆ ಹೊಸದಾಗಿ ಕಲಿಯುವವರು ಬಾಬಿನ್ ಬಿಚ್ಚಿ ನೋಡುತ್ತಾರೆ. ನೀವಾದರೆ ಮೊದಲು ಮೇಲಿನ ದಾರದ ಬಿಗಿ ನೋಡುತ್ತೀರಿ. ಗಂಟು ಕಾಣುವುದು ಕೆಳಗೆ, ತಪ್ಪಿರುವುದು ಮೇಲೆ. ಕಿವಿಮೊರೆತ ಇರುವವರಲ್ಲಿ ಎಲ್ಲರಿಗೂ ಅಲ್ಲ, ಒಂದು ಪಾಲು ಜನರಿಗೆ ಹೀಗೆಯೇ ಆಗಿರುತ್ತದೆ. ಸದ್ದು ಕೇಳುವುದು ಕಿವಿಯಲ್ಲಿ, ಅದಕ್ಕೆ ಕಸುವು ಕೊಡುತ್ತಿರುವುದು ದವಡೆ ಮತ್ತು ಕತ್ತು. ಇದನ್ನು ಸೊಮ್ಯಾಟಿಕ್ ಟಿನಿಟಸ್, ಅಂದರೆ ಮೈಯ ಸ್ನಾಯು, ಕೀಲುಗಳಿಂದ ಬರುವ ಕಿವಿಮೊರೆತ, ಎನ್ನುತ್ತಾರೆ.

ಇದು ಹೇಗೆ ಸಾಧ್ಯ ಎಂದು ಕೇಳುವವರೇ ಹೆಚ್ಚು. ಒಳಗಿವಿಯಿಂದ ಹೊರಟ ನರ ಮೊದಲು ಬಂದು ಸೇರುವ ನಿಲ್ದಾಣ ಮೆದುಳಿನ ಬುಡದಲ್ಲಿದೆ. ಅದಕ್ಕೆ ಕಾಕ್ಲಿಯರ್ ನ್ಯೂಕ್ಲಿಯಸ್ ಎಂದು ಹೆಸರು. ಅದರ ಬೆನ್ನಿನ ಭಾಗಕ್ಕೆ ಬರುವುದು ಕಿವಿಯ ಸುದ್ದಿ ಮಾತ್ರವಲ್ಲ. ಮುಖ ಮತ್ತು ದವಡೆಯ ಸುದ್ದಿ ತರುವ ಟ್ರೈಜೆಮಿನಲ್ ನರದ ಎಳೆಗಳೂ ಕತ್ತಿನ ಮೇಲ್ಭಾಗದ, ಅದರಲ್ಲೂ ಎರಡನೆಯ ಕತ್ತಿನ ನರದ ಎಳೆಗಳೂ ಅಲ್ಲಿಗೇ ಬಂದು ಕೂಡುತ್ತವೆ. ನಾವು ಅಗಿಯುವ, ಮಾತಾಡುವ ಸದ್ದು ನಮಗೇ ಕಿರಿಕಿರಿಯಾಗದಂತೆ ತಗ್ಗಿಸಿಕೊಳ್ಳಲು ದೇಹ ಮಾಡಿಕೊಂಡ ಏರ್ಪಾಡು ಇದು ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಕತ್ತು, ದವಡೆಗಳ ಸ್ನಾಯುಗಳು ತಿಂಗಳುಗಟ್ಟಲೆ ಬಿಗಿದುಕೊಂಡಿದ್ದರೆ ಅಲ್ಲಿಂದ ಬರುವ ಸಂದೇಶ ಏರುಪೇರಾಗುತ್ತದೆ, ನಿಲ್ದಾಣದ ಜೀವಕೋಶಗಳು ಹೊರಗಿನ ಸದ್ದಿಲ್ಲದೆಯೇ ಕೆಲಸ ಶುರುಮಾಡುತ್ತವೆ. ಮೆದುಳು ಅದನ್ನು ಸದ್ದು ಎಂದೇ ಓದಿಕೊಳ್ಳುತ್ತದೆ. ಬಾಸ್ಟನ್ನಿನ ವೈದ್ಯ ರಾಬರ್ಟ್ ಲೆವೀನ್ 1999ರಲ್ಲಿ ಈ ವಾದವನ್ನು ಮುಂದಿಟ್ಟರು. ಎಳೆಗಳು ಹೀಗೆ ಕೂಡುವುದನ್ನು ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ಪ್ರಯೋಗಾಲಯ ಗಿನಿಯಿಲಿಗಳಲ್ಲಿ ವರ್ಷಗಟ್ಟಲೆ ಬಿಡಿಸಿ ನೋಡಿದೆ. ಆದ್ದರಿಂದ ಯಾರಾದರೂ ನಿಮಗೆ “ಇದೆಲ್ಲ ಮನಸ್ಸಿನ ಭ್ರಮೆ” ಎಂದರೆ ತಲೆಕೆಡಿಸಿಕೊಳ್ಳಬೇಡಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಒಂದೇ ಕಡೆ ಸದ್ದು, ಅದೇ ಕಡೆಯ ಹೆಗಲು ಮತ್ತು ಕತ್ತಿನಲ್ಲಿ ಬಿಗಿತ, ಶ್ರವಣ ಪರೀಕ್ಷೆ ಸರಿಯಿರುವುದು, ಬೆಳಗಿನ ದವಡೆ ಭಾರ (ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು ಮನೆಯವರನ್ನು ಕೇಳಿ), ತಲೆ ಬಗ್ಗಿಸಿಯೇ ಮಾಡುವ ಕೆಲಸ. ಇವೆಲ್ಲ ಕತ್ತು ಮತ್ತು ದವಡೆಯ ಕಡೆಗೇ ಬೆರಳು ತೋರಿಸುತ್ತವೆ. ನೀವು ಬರೆಯದ ಎರಡು ಸಂಗತಿಗಳು ನನಗೆ ಬೇಕು. ಸದ್ದೂ ಕತ್ತು ನೋವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಶುರುವಾದವೇ? ಕತ್ತು ಹೆಚ್ಚು ನೋಯುವ ದಿನ ಸದ್ದೂ ಹೆಚ್ಚುತ್ತದೆಯೇ? ಈ ಎರಡಕ್ಕೂ ಹೌದು ಎಂದಾದರೆ ನನ್ನ ಅನುಮಾನ ಬಹುಮಟ್ಟಿಗೆ ಗಟ್ಟಿಯಾಗುತ್ತದೆ.

ಹಲ್ಲು ಕಚ್ಚಿದಾಗ ಸದ್ದು ಏರುತ್ತದೆ ಎನ್ನುವುದೊಂದನ್ನೇ ಹಿಡಿದುಕೊಂಡು ಮಾತ್ರ ನಾನು ತೀರ್ಮಾನ ಮಾಡುವುದಿಲ್ಲ. ಕಿವಿಮೊರೆತ ಇರುವ ಬಹಳಷ್ಟು ಜನರಲ್ಲಿ, ಕಾರಣ ಏನೇ ಇದ್ದರೂ, ದವಡೆ ಬಿಗಿದರೆ ಸದ್ದು ಒಂದಿಷ್ಟು ಬದಲಾಗುತ್ತದೆ. ಏನೂ ತೊಂದರೆ ಇಲ್ಲದವರನ್ನು ನಿಶ್ಶಬ್ದದ ಕೋಣೆಯಲ್ಲಿ ಕೂರಿಸಿ ಹಲ್ಲು ಕಚ್ಚಿಸಿದರೂ ಹಲವರಿಗೆ ಏನೋ ಸದ್ದು ಕೇಳುತ್ತದೆ. ಈ ಒಂದು ಪರೀಕ್ಷೆಯನ್ನು ತೋರಿಸಿ ಸಿಟ್ಟಿಂಗುಗಳ ಪ್ಯಾಕೇಜ್ ಮಾರುವವರು ಇದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ.

ಯಾರಾದರೂ ನಿಮ್ಮ ಕತ್ತಿಗೆ ಕೈ ಹಚ್ಚುವ ಮುಂಚೆ ಇನ್ನೊಂದು ಕೆಲಸ ಆಗಬೇಕು. ನಿಮ್ಮ ಸದ್ದು ಒಂದೇ ಕಿವಿಯಲ್ಲಿದೆ. ಒಂದೇ ಕಿವಿಯ ಸದ್ದು ಬಹುತೇಕ ಸಲ ಅಪಾಯವಲ್ಲ. ಆದರೆ ಶ್ರವಣ ನರದ ಪಕ್ಕದಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಗಡ್ಡೆ, ಕ್ಯಾನ್ಸರ್ ಅಲ್ಲದ್ದು, ಅಪರೂಪಕ್ಕೆ ಹೀಗೆಯೇ ಶುರುವಾಗುತ್ತದೆ. ಆದ್ದರಿಂದ ಕಿವಿ ವೈದ್ಯರ ಬಳಿ ಮತ್ತೊಮ್ಮೆ ಹೋಗಿ, “ಒಂದೇ ಕಡೆ ಇದೆ, ಎಂಆರ್‌ಐ ಬೇಕೇ?” ಎಂದು ನೇರವಾಗಿ ಕೇಳಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಹೆಚ್ಚು ಪ್ರಮಾಣದ ಆಸ್ಪಿರಿನ್, ಕೆಲವು ಆಂಟಿಬಯೋಟಿಕ್ ಚುಚ್ಚುಮದ್ದುಗಳು, ಮೂತ್ರ ಹೆಚ್ಚಿಸುವ ಕೆಲವು ಔಷಧಗಳು ಕಿವಿಮೊರೆತ ತರಬಲ್ಲವು. ಶ್ರವಣ ಪರೀಕ್ಷೆ ಸರಿಯಿದೆ ಎನ್ನುವುದಕ್ಕೂ ಒಂದು ಮಿತಿಯಿದೆ. ಸಾಮಾನ್ಯ ಪರೀಕ್ಷೆ ನೋಡುವುದು ಸ್ವರದ ಎತ್ತರದಲ್ಲಿ 250ರಿಂದ 8000 ಹರ್ಟ್ಸ್‌ವರೆಗೆ ಮಾತ್ರ. ಇನ್ನೂ ವಿವರವಾದ ಪರೀಕ್ಷೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ.

ಸದ್ದು ನಾಡಿಬಡಿತದ ಲಯದಲ್ಲಿ ಧಪ್ ಧಪ್ ಎನ್ನುತ್ತಿದ್ದರೆ, ತಲೆ ಗಿರ್ರೆಂದು ಸುತ್ತಿದರೆ, ಮುಖದ ಒಂದು ಬದಿ ಸೋತರೆ ಫಿಸಿಯೋಥೆರಪಿಯ ಯೋಚನೆ ಬದಿಗಿರಲಿ, ಮೊದಲು ವೈದ್ಯರು. ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಅದೇ ದಿನ ಹೋಗಬೇಕು. ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆಗೆ ದಿನಗಳ ಲೆಕ್ಕವಿದೆ.

ಅದೆಲ್ಲ ಸರಿಯಿದ್ದರೆ, ಮನೆಯಲ್ಲಿ ಒಂದು ಸಲ, ಒಂದೇ ಸಲ, ಹೀಗೆ ಮಾಡಿ. ಬೀದಿಯ ಸದ್ದು ಅಡಗಿದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಸದ್ದಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಬರೆದಿಡಿ. ಬಾಯಿ ಪೂರ್ತಿ ತೆರೆಯಿರಿ, ಐದಾರು ಸೆಕೆಂಡ್ ಹಾಗೇ ಹಿಡಿದು ಬಿಡಿ. ಕೆಳದವಡೆಯನ್ನು ಮುಂದಕ್ಕೆ ಚಾಚಿ, ಆಮೇಲೆ ಎಡಕ್ಕೆ, ಬಲಕ್ಕೆ ಸರಿಸಿ. ಅಂಗೈಯನ್ನು ಹಣೆಗೆ ಒತ್ತಿ ತಲೆಯಿಂದ ಅದನ್ನು ತಳ್ಳಿ, ಹಾಗೆಯೇ ಎರಡೂ ಕಣತಲೆಗಳಿಗೆ ಒಂದೊಂದಾಗಿ ಅಂಗೈ ಒತ್ತಿ ತಳ್ಳಿ. ಕೊನೆಗೆ ಕತ್ತನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ. ಪ್ರತಿಯೊಂದರ ನಂತರ ಅರ್ಧ ನಿಮಿಷ ಸುಮ್ಮನಿದ್ದು ಅಂಕ ಬರೆಯಿರಿ. ಏರಿದ್ದು ಮಾತ್ರವಲ್ಲ, ಇಳಿದದ್ದೂ, ಸ್ವರ ಬದಲಾದದ್ದೂ ಲೆಕ್ಕಕ್ಕೆ ಬರುತ್ತದೆ. ಆ ಚೀಟಿಯನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಮತ್ತೆ ಮಾಡಬೇಡಿ. ದಿನವೂ ಪರೀಕ್ಷಿಸುತ್ತ ಕುಳಿತರೆ ಒಣಗುತ್ತಿರುವ ಗಾಯದ ಹಕ್ಕಳೆ ಕಿತ್ತು ನೋಡಿದಂತೆ. ಗಮನ ಅಲ್ಲೇ ನೆಟ್ಟು ಸದ್ದು ಇನ್ನಷ್ಟು ಬಲಿಯುತ್ತದೆ.

ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಕ್ಕಿದ್ದಾರೋ ಇಲ್ಲವೋ ಎಂಬುದು ಮೊದಲ ಭೇಟಿಯಲ್ಲೇ ತಿಳಿಯುತ್ತದೆ. ಅವರು ನಿಮ್ಮ ಕತ್ತು ಎಷ್ಟು ತಿರುಗುತ್ತದೆ ಎಂದು ಎರಡೂ ಕಡೆ ಅಳೆಯಬೇಕು. ಬಾಯಲ್ಲಿ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಸುತ್ತದೆಯೇ, ತೆರೆಯುವಾಗ ದವಡೆ ಒಂದು ಕಡೆಗೆ ಜಾರುತ್ತದೆಯೇ, ಕಿವಿಯ ಮುಂದಿನ ಕೀಲು ಟಕ್ಕೆನ್ನುತ್ತದೆಯೇ ಎಂದು ನೋಡಬೇಕು. ಆಮೇಲೆ ಬೆರಳಿಂದ ಹುಡುಕಬೇಕು: ಕೆನ್ನೆಯ ಅಗಿಯುವ ಸ್ನಾಯು, ಕಣತಲೆ, ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳು, ಹೆಗಲ ಮೇಲಿನ ಟ್ರಪೀಜಿಯಸ್, ಮತ್ತು ಕಿವಿಯ ಹಿಂದಿನ ಎಲುಬಿನಿಂದ ಎದೆಯ ಎಲುಬಿನವರೆಗೆ ಓರೆಯಾಗಿ ಇಳಿಯುವ, ತಲೆ ತಿರುಗಿಸಿದಾಗ ಹಗ್ಗದಂತೆ ಉಬ್ಬುವ ಸ್ಟರ್ನೊಕ್ಲೈಡೋಮಾಸ್ಟಾಯ್ಡ್.

ಈ ಕೊನೆಯ ಸ್ನಾಯುವಿನ ಬಗ್ಗೆ ನನಗೆ ವಿಶೇಷ ಗೌರವ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಚಿಕಿತ್ಸೆಗೆ ಬಂದ ಒಬ್ಬ ಗುಮಾಸ್ತರು, ನಿಮ್ಮಂತೆಯೇ ಇಡೀ ದಿನ ತಲೆ ಬಗ್ಗಿಸಿ ಲೆಡ್ಜರ್ ಬರೆಯುತ್ತಿದ್ದವರು, ಯಾವ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡಲು ಮನಸ್ಸಿಲ್ಲದೆ ಕುಳಿತಿದ್ದರು. ಎಷ್ಟೋ ಕಡೆ ತಿರುಗಿ ಸಾಕಾಗಿತ್ತು. ಆ ಹಗ್ಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಬರುತ್ತಿದ್ದೆ. ಕಿವಿಯಿಂದ ನಾಲ್ಕು ಬೆರಳು ಕೆಳಗೆ ಕಡಲೆಕಾಳಿನಷ್ಟು ಗಟ್ಟಿಯಾದ ಒಂದು ಜಾಗ ಸಿಕ್ಕಿತು. ಮೆಲ್ಲಗೆ ಹಿಚುಕಿದೆ. ಅವರು ಕಣ್ಣು ಮುಚ್ಚಿ ಕೈ ಎತ್ತಿ ನನ್ನನ್ನು ತಡೆದರು. “ತಡೀರಿ. ಸದ್ದು ಸಣ್ಣಗಾಯಿತು.” ಬೆರಳು ತೆಗೆದ ಸ್ವಲ್ಪ ಹೊತ್ತಿಗೆ ಅದು ವಾಪಸ್ ಬಂತು. ಆದರೂ ಅವರ ಮುಖ ಆ ದಿನ ಮೊದಲ ಸಲ ಅರಳಿತು. ಸದ್ದು ಯಾರ ಮಾತನ್ನೂ ಕೇಳದ ದೆವ್ವವಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಚಿಕಿತ್ಸೆಯೆಂದರೆ ಮುಖ್ಯವಾಗಿ ಕೈಯ ಕೆಲಸ ಮತ್ತು ವ್ಯಾಯಾಮ. ಇಂಥ ಗಟ್ಟಿ ಜಾಗಗಳನ್ನು ಒತ್ತಿ ಸಡಿಲಿಸುವುದು, ಕತ್ತಿನ ಮೇಲಿನ ಕೀಲುಗಳನ್ನು ಮೆಲ್ಲಗೆ ಆಡಿಸುವುದು, ಕತ್ತಿನ ಮುಂಭಾಗದ ಒಳಸ್ನಾಯುಗಳಿಗೂ ಹೆಗಲ ಹಲಗೆಯ ಸ್ನಾಯುಗಳಿಗೂ ಬಲ ಕೊಡುವುದು, ದವಡೆಗೆ ವಿಶ್ರಾಂತಿ ಕಲಿಸುವುದು. ಹೋದ ಕೂಡಲೇ ಮಲಗಿಸಿ, ಹತ್ತು ನಿಮಿಷ ಕರೆಂಟ್ ಇಟ್ಟು, ಹತ್ತು ನಿಮಿಷ ಟ್ರ್ಯಾಕ್ಷನ್ ಎಳೆದು ಕಳಿಸಿದರೆ ಅದು ಕತ್ತು ನೋವಿಗೆ ಕೊಡುವ ಮಾಮೂಲಿ ಉಪಚಾರ, ನಿಮಗೆ ಬೇಕಾದ ಚಿಕಿತ್ಸೆಯಲ್ಲ. ಎಕ್ಸ್‌ರೇ ಹಿಡಿದು “ಎಲುಬು ಸವೆದಿದೆ” ಎಂದರೂ ಗಾಬರಿಯಾಗಬೇಡಿ. ನಲವತ್ತು ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ತಲೆಯಲ್ಲಿ ನರೆಗೂದಲು ಕಂಡಷ್ಟೇ ಸಹಜ.

ಫಲ ಎಷ್ಟು ಎಂಬುದನ್ನು ನಾನು ಸಿಹಿ ಬೆರೆಸದೆ ಹೇಳುತ್ತೇನೆ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕತ್ತಿನ ತೊಂದರೆಯೂ ಕಿವಿಮೊರೆತವೂ ಇದ್ದ 38 ಜನರಿಗೆ 6 ವಾರಗಳಲ್ಲಿ 12 ಸಲ ಇಂಥ ಚಿಕಿತ್ಸೆ ಕೊಟ್ಟ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಮುಗಿದ ಕೂಡಲೇ 53 ಶೇಕಡಾ ಜನರಿಗೆ ಗಣನೀಯ ಸುಧಾರಣೆ ಕಂಡಿತ್ತು. ಇನ್ನಾರು ವಾರ ಬಿಟ್ಟು ನೋಡಿದಾಗ ಅದು ಉಳಿದಿದ್ದದ್ದು 24 ಶೇಕಡಾ ಜನರಲ್ಲಿ. ದವಡೆಯ ತೊಂದರೆ ಇದ್ದವರಿಗೆ ಅದೇ ತಂಡ 9 ವಾರಗಳಲ್ಲಿ 18 ಸಲದವರೆಗೆ ಚಿಕಿತ್ಸೆ ಕೊಟ್ಟು ನೋಡಿದೆ, ಅಲ್ಲಿಯೂ ಸದ್ದಿನ ಕಾಟ ಇಳಿದಿದೆ. ಆರಿಸಿ ತೆಗೆದ ರೋಗಿಗಳಲ್ಲಿ, ನುರಿತ ಕೈಗಳಲ್ಲಿ ಬಂದ ಫಲ ಇದು ಎಂಬುದು ನೆನಪಿರಲಿ. “ಪೂರ್ತಿ ಗುಣ” ಎಂಬ ಮಾತು ಇಲ್ಲೆಲ್ಲೂ ಇಲ್ಲ. ಆದರೆ ನಾಲ್ಕರಲ್ಲಿ ಒಬ್ಬರಿಗೆ ನಿಲ್ಲುವ ಸುಧಾರಣೆ, ಜೊತೆಗೆ ಕತ್ತು ನೋವಿನ ಪರಿಹಾರ ಎಂದರೆ, ಹದಿನಾಲ್ಕು ತಿಂಗಳು ನಿದ್ದೆಗೆಟ್ಟವರಿಗೆ ಅದು ಪ್ರಯತ್ನಿಸದೇ ಬಿಡುವಷ್ಟು ಸಣ್ಣದೂ ಅಲ್ಲ.

ನನ್ನ ಸಲಹೆ: ವಾರಕ್ಕೆ ಎರಡು ಸಲದಂತೆ ಆರು ವಾರ ಎಂದು ಗಡುವು ಹಾಕಿಕೊಳ್ಳಿ, ದವಡೆಯ ಪಾಲು ದೊಡ್ಡದಿದ್ದರೆ ಒಂಬತ್ತು. ಶುರುವಿನಲ್ಲೂ ಕೊನೆಯಲ್ಲೂ ಕಿವಿಮೊರೆತದ ಪ್ರಶ್ನಾವಳಿ ತುಂಬಿಸಿಕೊಳ್ಳಲು ಹೇಳಿ. ಟಿನಿಟಸ್ ಫಂಕ್ಷನಲ್ ಇಂಡೆಕ್ಸ್ ಎಂಬ 25 ಪ್ರಶ್ನೆಗಳ ಪಟ್ಟಿಯಲ್ಲಿ ನೂರಕ್ಕೆ 13 ಅಂಕವಾದರೂ ಇಳಿದರೆ ಅದನ್ನು ನಿಜವಾದ ಸುಧಾರಣೆ ಎನ್ನುತ್ತಾರೆ. ನಾಲ್ಕನೆಯ ವಾರಕ್ಕೆ ಕತ್ತು ಚೆನ್ನಾಗಿ ಸಡಿಲವಾಗಿ ಸದ್ದು ಒಂದಿಷ್ಟೂ ಅಲ್ಲಾಡದಿದ್ದರೆ, ನಿಮ್ಮ ಸದ್ದಿನ ಬೇರು ಬೇರೆಲ್ಲೋ ಇದೆ ಎಂದು ಒಪ್ಪಿಕೊಳ್ಳುವ ಹೊತ್ತು. ನಾನೂ ಅದನ್ನು ತಡವಾಗಿ ಒಪ್ಪಿಕೊಂಡದ್ದಿದೆ. ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಒಬ್ಬರಿಗೆ ದವಡೆ ಚಾಚಿದರೆ ಸದ್ದು ಬದಲಾಗುತ್ತಿತ್ತು. ಅದನ್ನೇ ನಂಬಿ ಎರಡು ತಿಂಗಳು ಅವರ ಕತ್ತು ತಿಕ್ಕಿದೆ. ಕತ್ತು ಹಗುರವಾಯಿತು, ಸದ್ದು ಇದ್ದಲ್ಲೇ ಇತ್ತು. ಅವರ ಶ್ರವಣ ಪರೀಕ್ಷೆಯ ಗೆರೆ 4000 ಹರ್ಟ್ಸ್ ಹತ್ತಿರ ಕುಸಿದಿತ್ತು, ಗದ್ದಲದಲ್ಲಿ ದುಡಿದವರ ಗುರುತು ಅದು. ಕೊನೆಗೆ ಅವರಿಗೆ ನೆರವಾದದ್ದು ಶ್ರವಣ ಸಾಧನ. ಆ ಎರಡು ತಿಂಗಳ ಬಸ್ ಖರ್ಚು ನೆನೆದರೆ ಇಂದಿಗೂ ಮುಜುಗರ.

ಮನೆಯಲ್ಲಿ ಮಾಡಬಹುದಾದದ್ದರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ, ಹತ್ತು ಹೇಳಿದರೆ ಒಂದೂ ಉಳಿಯುವುದಿಲ್ಲ. ಮೊದಲನೆಯದು: ತಲೆಯಡಿ ತೆಳುವಾಗಿ ಮಡಿಸಿದ ಟವಲ್ ಇಟ್ಟು ಅಂಗಾತ ಮಲಗಿ. ತಲೆ ಎತ್ತದೆ, “ಹೂಂ” ಎನ್ನುವಾಗ ಆಗುವಷ್ಟೇ ಗಲ್ಲವನ್ನು ಕತ್ತಿನ ಕಡೆಗೆ ಬಾಗಿಸಿ. ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಮಾಡುವಾಗ ಒಂದು ಕೈಯ ಬೆರಳುಗಳನ್ನು ಕತ್ತಿನ ಆ ಓರೆ ಹಗ್ಗದ ಮೇಲೆ ಇಟ್ಟಿರಿ. ಅದು ಉಬ್ಬಿದರೆ ಹೆಚ್ಚು ಬಲ ಹಾಕುತ್ತಿದ್ದೀರಿ ಎಂದರ್ಥ. ಇದು ಎಷ್ಟು ಸಣ್ಣ ಚಲನೆ ಎಂದರೆ ಮೊದಲ ವಾರ ಎಲ್ಲರೂ ಇದರಿಂದೇನಾಗುತ್ತದೆ ಎಂದು ನಗುತ್ತಾರೆ. ಎರಡನೆಯದು ದವಡೆಗೆ: “ನ” ಎನ್ನುವಾಗ ನಾಲಗೆಯ ತುದಿ ಎಲ್ಲಿ ತಾಗುತ್ತದೋ ಅಲ್ಲೇ ಇರಲಿ, ತುಟಿ ಮುಚ್ಚಿರಲಿ, ಹಲ್ಲುಗಳು ಒಂದನ್ನೊಂದು ಮುಟ್ಟದಿರಲಿ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ. ಯಂತ್ರದ ಮೇಲೆ ಒಂದು ಬಣ್ಣದ ಬಟ್ಟೆಯ ಚೂರು ಅಂಟಿಸಿ, ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ನೋಡಿಕೊಳ್ಳಿ. ರಾತ್ರಿ ಹಲ್ಲು ಕಡಿಯುವುದು ಖಚಿತವಾದರೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ಕವಚ ಬೇಕಾದೀತು. ಅಡಿಕೆ ಜಗಿಯುವ ಅಭ್ಯಾಸವಿದ್ದರೆ ಬಿಡಲು ಇದೂ ಒಂದು ಕಾರಣ.

ಎಣ್ಣೆ ಬೇಡ. ಕಿವಿಯ ತಮಟೆಯಲ್ಲಿ ಸಣ್ಣ ತೂತಿದ್ದರೂ ಅದು ಒಳಗೆ ಇಳಿಯುತ್ತದೆ, ಬೆಳ್ಳುಳ್ಳಿಗೆ ಚರ್ಮ ಸುಡುವ ಗುಣವೂ ಇದೆ. ಕತ್ತಿನ ಬಿಗಿತ ಎಣ್ಣೆಗೆ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಓಡಾಡುವ, ಅಂಗೈಗಳಿಂದ ಕಿವಿ ಮುಚ್ಚಿ ತಲೆಯ ಹಿಂಭಾಗದಲ್ಲಿ ಬೆರಳಿನಿಂದ ತಟ್ಟುವ ಉಪಾಯ ಕೆಲವರಿಗೆ ಒಂದೆರಡು ನಿಮಿಷ ಸದ್ದು ಅಡಗಿಸುತ್ತದೆ. ತೊಂದರೆಯಿಲ್ಲ, ಚಿಕಿತ್ಸೆಯೂ ಅಲ್ಲ. ನಿಮ್ಮ ಮನೆಯ ಗಂಡಸರಿಗೆ ಮಾತ್ರ ಒಂದು ಮಾತು ಹೇಳಿ: ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಕೊನೆಗೆ ಕತ್ತನ್ನು ಲಟಕ್ಕೆಂದು ತಿರುಗಿಸಿ ನೆಟಿಗೆ ಮುರಿಸಿಕೊಳ್ಳುವುದು ಬೇಡ. ಕತ್ತಿನ ಎಲುಬಿನೊಳಗಿಂದ ಮೆದುಳಿಗೆ ಹೋಗುವ ರಕ್ತನಾಳ ಹಾಗೆ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ, ಆದರೆ ಆದವರಿಗೆ ಅಪರೂಪವಲ್ಲ. ಕಿವಿಮೊರೆತಕ್ಕೆಂದು ಯಾರಾದರೂ ಹೀಗೆ ಝಟ್ಟನೆ ತಿರುಗಿಸಲು ಬಂದರೆ ಎದ್ದು ಬನ್ನಿ.

ರಾತ್ರಿಯ ಸಂಗತಿ. ಸದ್ದು ರಾತ್ರಿ ಹೆಚ್ಚುವುದಿಲ್ಲ, ಉಳಿದ ಸದ್ದುಗಳು ಅಡಗುವುದರಿಂದ ಅದು ಎದ್ದು ಕೇಳುತ್ತದೆ. ಫ್ಯಾನ್ ಓಡಲಿ, ಅಥವಾ ರೇಡಿಯೋ ಸಣ್ಣಗೆ ಇರಲಿ. ಸದ್ದನ್ನು ಮುಳುಗಿಸುವಷ್ಟು ಜೋರು ಬೇಡ, ಜೊತೆಗೆ ಕೇಳುವಷ್ಟು ಸಾಕು. ನಿದ್ದೆ, ಭಯ, ಸಿಡುಕು ನಿಮ್ಮನ್ನು ಹಣ್ಣು ಮಾಡುತ್ತಿದ್ದರೆ ಮನಶ್ಶಾಸ್ತ್ರಜ್ಞರನ್ನು ಕಾಣಿ. ಸದ್ದಿನ ಕಾಟವನ್ನು ತಗ್ಗಿಸುವುದರಲ್ಲಿ ಅತಿ ಹೆಚ್ಚು ಪುರಾವೆ ಇರುವುದು, ಫಿಸಿಯೋಥೆರಪಿಯೇ ಕಸುಬಾದ ನನಗೆ ಹೇಳಲು ಸ್ವಲ್ಪ ಕಷ್ಟವಾದರೂ, ಕತ್ತಿನ ಚಿಕಿತ್ಸೆಗಲ್ಲ, ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಬದುಕೇ ಬೇಡ ಎನಿಸುವ ರಾತ್ರಿಗಳಿದ್ದರೆ ಅದನ್ನು ಯಾರಿಂದಲೂ ಮುಚ್ಚಿಡಬೇಡಿ, ಮರುದಿನವೇ ವೈದ್ಯರಿಗೆ ಹೇಳಿ.

ಹೊಲಿಗೆ ಬಿಡಬೇಕಾಗಿಲ್ಲ. ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗಿದ್ದರೆ ಅದನ್ನು ಎಲುಬು ಹೊರುತ್ತದೆ, ಬಗ್ಗಿದರೆ ಹಿಂಬದಿಯ ಸ್ನಾಯುಗಳು ಎಳೆದು ಹಿಡಿಯಬೇಕು, ಅದೂ ಹತ್ತು ಗಂಟೆ. ಕುರ್ಚಿ ತಗ್ಗಿಸುವುದಕ್ಕಿಂತ ಯಂತ್ರದ ಮೇಜನ್ನು ಇಟ್ಟಿಗೆ ಅಥವಾ ಮರದ ತುಂಡಿನ ಮೇಲೆ ನಾಲ್ಕು ಬೆರಳು ಎತ್ತರಿಸಿ ನೋಡಿ, ಸೂಜಿ ಕಣ್ಣಿಗೆ ಹತ್ತಿರ ಬರುತ್ತದೆ. ದೀಪ ಎಡಗಡೆಯಿಂದ ಬೀಳಲಿ. ಕಣ್ಣಿನ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಚಾಳೀಸು ಬಂದು ಕನ್ನಡಕ ಇಲ್ಲದವರು ತಮಗೆ ತಿಳಿಯದಂತೆ ಇನ್ನಷ್ಟು ಬಗ್ಗುತ್ತಾರೆ. ಒಂದು ರವಿಕೆಯ ತೋಳು ಮುಗಿದಾಗಲೊಮ್ಮೆ ಎದ್ದು ನಿಲ್ಲಿ. ಮತ್ತೆ ನೀವು ಬರೆಯದಿದ್ದರೂ ನನಗೆ ಗೊತ್ತಿರುವ ಒಂದು ಸಂಗತಿ: ಹೊಲಿಯುವವರೆಲ್ಲ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತಾರೆ, ಗುಂಡುಸೂಜಿಗಳನ್ನು ತುಟಿಯಲ್ಲಿ ಹಿಡಿದು ದವಡೆ ಬಿಗಿದು ಕೂರುತ್ತಾರೆ. ನೀವು ಕಚ್ಚುವುದು ಎಡಗಡೆಯಿಂದಲೇ ಇರಬಹುದು, ಗಮನಿಸಿ ನೋಡಿ. ಒಂದು ಸಣ್ಣ ಕತ್ತರಿಯನ್ನು ದಾರ ಕಟ್ಟಿ ಯಂತ್ರದ ಬಲಗಡೆ ತೂಗುಹಾಕಿ, ಸೂಜಿಗೆ ಒಂದು ಸ್ಪಂಜು ಇಡಿ.